ಬಣ್ಣ ಕಡಿಮೆಯಲ್ಲ, ಜಾಸ್ತಿ!

ಕಳೆದ ಭಾನುವಾರ ನಮ್ಮ ಪುಟ್ಟಿ ಅಜ್ಜಿಯ ಔಷಧಿ ಡಬ್ಬಿಯಿಂದ ಅತಿಮಧುರದ ಬೇರು ತೆಗೆದು ಕಲ್ಲಿನ ಮೇಲೆ ತೇಯುತ್ತಾ ಕುಳಿತಿದ್ದಳು. ಕೆಮ್ಮು ಬಂತೇನೋ ಎಂದುಕೊಂಡೆ.

“ಇಲ್ಲ ತಾತ, ಮುಖಕ್ಕೆ ಹಚ್ಚೋಕೆ. ನಾಟಕದಲ್ಲಿ ರಾಜಕುಮಾರಿ ಪಾತ್ರ ಬೆಳ್ಳಗಿರೋರಿಗೇ ಅಂತೆ” ಎಂದಳು. ದನಿ ಸಣ್ಣಗಿತ್ತು.

ನಾನು ಬೈಯಲಿಲ್ಲ. ಅಡುಗೆಮನೆಗೆ ಕರೆದುಕೊಂಡು ಹೋದೆ. ಅಜ್ಜಿ ಬಾಳೆಕಾಯಿ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುತ್ತಿದ್ದಳು. ಒಂದು ಹೋಳನ್ನು ಹೊರಗೇ ಇಡಿಸಿದೆ. ಸ್ವಲ್ಪ ಹೊತ್ತಿಗೆ ಅದು ಕಪ್ಪಗಾಯಿತು.

ಮಕ್ಕಳೇ, ಬಾಳೆಕಾಯಿಯಲ್ಲಿ ತಾಮ್ರದ ಅಂಶವಿರುವ ಒಂದು ಕಿಣ್ವವಿದೆ. ಹೆಚ್ಚಿದ ಹೋಳಿಗೆ ಗಾಳಿ ತಾಗಿದರೆ ಅದು ಕೆಲಸ ಶುರುಮಾಡುತ್ತದೆ. ಮಜ್ಜಿಗೆಯ ಹುಳಿ ಅದನ್ನು ತಡೆಯುತ್ತದೆ. ನಮ್ಮ ಚರ್ಮದಲ್ಲೂ ಅದರ ದಾಯಾದಿಯೊಂದಿದೆ, ಹೆಸರು ಟೈರೋಸಿನೇಸ್. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಅದು ಬೇಕು.

ಅತಿಮಧುರದಲ್ಲಿರುವ ಗ್ಲಾಬ್ರಿಡಿನ್, ಫ್ಲೇವನಾಯ್ಡ್ ಎಂಬ ಸಸ್ಯವಸ್ತುಗಳ ಬಳಗಕ್ಕೆ ಸೇರಿದ್ದು. ಈರುಳ್ಳಿ ಸಿಪ್ಪೆಯ ಕ್ವೆರ್ಸೆಟಿನ್ ಕೂಡ ಅದೇ ಬಳಗ. ಪ್ರಯೋಗಾಲಯದಲ್ಲಿ ಇವು ಟೈರೋಸಿನೇಸ್‌ನ ಕೈ ಕಟ್ಟುವುದು ನಿಜ. ಅದಕ್ಕೇ ಎಷ್ಟೋ ಕ್ರೀಮುಗಳಲ್ಲಿ ಅತಿಮಧುರದ ಸಾರವಿರುತ್ತದೆ. ಆದರೆ ಗಾಜಿನ ನಳಿಕೆಯೇ ಬೇರೆ, ಮುಖವೇ ಬೇರೆ. ಕಲೆ ಸ್ವಲ್ಪ ತಿಳಿಯಾದೀತು, ಹುಟ್ಟುಬಣ್ಣ ಬದಲಾಗದು. ಗಿಡಮೂಲಿಕೆ ಎಂದ ಮಾತ್ರಕ್ಕೆ ಅಪಾಯವಿಲ್ಲವೆಂದೂ ಅಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು. ಪಾದರಸ ಬೆರೆತ ಕ್ರೀಮುಗಳಂತೂ ಮೂತ್ರಪಿಂಡಕ್ಕೇ ಕೇಡು.

“ಗಿಡಕ್ಕೆ ಫ್ಲೇವನಾಯ್ಡ್ ಯಾಕೆ ಬೇಕು ತಾತ?” ಎಂದಳು ಪುಟ್ಟಿ.

ಒಳ್ಳೆಯ ಪ್ರಶ್ನೆ! ಗಿಡಕ್ಕೆ ಅದರಿಂದ ಹಲವು ಉಪಯೋಗ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಎಲೆಯನ್ನು ಕಾಯುವುದು ಅವುಗಳಲ್ಲೊಂದು. ನಮ್ಮ ಚರ್ಮಕ್ಕೆ ಅದೇ ಕಾವಲು ಕೆಲಸ ಮಾಡುವುದು ಮೆಲನಿನ್. ಎಲೆಗೆ ಅದರ ಕೊಡೆ, ನಮಗೆ ನಮ್ಮ ಕೊಡೆ. ಎಲೆಯ ಕೊಡೆ ಕಿತ್ತು ತಂದು ನಮ್ಮ ಕೊಡೆ ಮಡಚುವುದು ಯಾವ ಜಾಣತನ?

ಪುಟ್ಟಿ ಕಲ್ಲು ತೊಳೆದಿಟ್ಟಳು. “ನಾಳೆ ಮಿಸ್ಸನ್ನ ನಾನೇ ಕೇಳ್ತೀನಿ, ರಾಜಕುಮಾರಿ ಕಪ್ಪಗಿರಬಾರದಾ ಅಂತ” ಎಂದಳು.

ಇನ್ನು ನನ್ನ ವಾರಗೆಯ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಪುಟ್ಟಿ ಹುಟ್ಟಿದಾಗ ತೊಟ್ಟಿಲ ಬಳಿ ನಿಂತು “ಮಗು ಲಕ್ಷಣವಾಗಿದೆ, ಬಣ್ಣ ಸ್ವಲ್ಪ ಕಡಿಮೆ” ಎಂದವನು ನಾನೇ. ಜಾಸ್ತಿ ಇದ್ದುದನ್ನು ಕಡಿಮೆ ಎಂದು ಬರೆದುಬಿಟ್ಟೆ! ಬ್ಯಾಂಕಿನಲ್ಲಿ ಜಮಾ ಮಾಡಬೇಕಾದ್ದನ್ನು ಖರ್ಚಿಗೆ ಬರೆದಿದ್ದರೆ ಅಂದೇ ಸಂಜೆಯೊಳಗೆ ತಿದ್ದಿಸುತ್ತಿದ್ದರು. ಮನೆಯ ಲೆಕ್ಕದಲ್ಲಿ ತಿದ್ದಲು ನನಗೆ ಇಷ್ಟು ವರ್ಷ ಬೇಕಾಯಿತು.