ತಕ್ಕಡಿಗೆ ಮುದ್ರೆ ಬೇಕು, ಪರದೆಗೆ ಬೇಡವೇ?

ನನ್ನ ಹಳೆಯ ವಿದ್ಯಾರ್ಥಿಗಳೇ, ಬಂಧುಗಳೇ,

ನಮ್ಮ ಸೀಮೆಯಲ್ಲಿ ಛಾಯಾಚಿತ್ರದ ಹೆಸರಿನಲ್ಲಿ ನಡೆಯುತ್ತಿರುವ ಒಂದು ಅನ್ಯಾಯವನ್ನು ಕುರಿತು ಇಂದು ಸ್ವಲ್ಪ ಕಟುವಾಗಿಯೇ ಬರೆಯಬೇಕೆನಿಸಿದೆ. ಗಾವಡಗೆರೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಯಾವ ಮನೆಗೆ ಹೋದರೂ ಕಾಫಿಯೊಡನೆ ಮದುವೆಯ ಆಲ್ಬಮ್ಮನ್ನೂ ಕೈಗಿಡುತ್ತಾರೆ. ತೆರೆದು ನೋಡಿದರೆ ಅದರಲ್ಲಿರುವವರು ನಾವು ಬಲ್ಲ ಜನರೇ ಅಲ್ಲ. ಹೊಲದಲ್ಲಿ ಗೇಯ್ದು ಬಾಳಿದ ಎಣ್ಣೆಗಪ್ಪಿನ ಅಜ್ಜಿ ಸುಣ್ಣ ಬಳಿದ ಗೋಡೆಯಂತಾಗಿರುತ್ತಾರೆ. ಮದುಮಗಳ ಮುಖ ಒಂದು ಪುಟದಲ್ಲಿ ನಸುಗುಲಾಬಿ, ಮುಂದಿನ ಪುಟದಲ್ಲಿ ಅರಿಸಿನ, ಅದರಾಚೆಗೆ ನೀಲಿಗಟ್ಟಿದ ಬಿಳುಪು. ಕೇಳಿದರೆ ‘ಎಡಿಟಿಂಗ್ ಮಾಡಿದ್ದಾರೆ’ ಎಂಬ ಹೆಮ್ಮೆಯ ಉತ್ತರ!

ಈ ಅವಾಂತರಕ್ಕೆ ಯಂತ್ರದ ಕಾರಣವೊಂದಿದೆ, ಮನಸ್ಸಿನ ಕಾರಣವೊಂದಿದೆ. ಮೊದಲು ಯಂತ್ರದ್ದನ್ನು ಹೇಳುತ್ತೇನೆ.

ಕಂಪ್ಯೂಟರಿನಲ್ಲಿರುವ ಚಿತ್ರ ಬರೀ ಅಂಕಿಗಳ ರಾಶಿ. ಪ್ರತಿ ಬಿಂದುವಿಗೂ ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಎಂದು ಸಾಮಾನ್ಯವಾಗಿ 0ಯಿಂದ 255ರವರೆಗಿನ ಮೂರು ಸಂಖ್ಯೆಗಳಿರುತ್ತವೆ. ಆ ಸಂಖ್ಯೆಗಳು ಕಣ್ಣಿಗೆ ಯಾವ ಬಣ್ಣವಾಗಿ ಕಾಣಬೇಕೆಂಬುದನ್ನು ತೀರ್ಮಾನಿಸುವುದು ಪರದೆ. ಬೇರೆ ಬೇರೆ ಕಂಪನಿಯ ಎರಡು ಪರದೆಗಳು ಒಂದೇ ಚಿತ್ರವನ್ನು ಎರಡು ಬಗೆಯಾಗಿ ತೋರಿಸುತ್ತವೆ. ಅಷ್ಟೇಕೆ, ಒಂದೇ ಪರದೆ ಹಳತಾದಂತೆ ಮಂಕಾಗುತ್ತದೆ, ಬಣ್ಣ ವಾಲುತ್ತದೆ. ಇದಕ್ಕಾಗಿಯೇ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೇರಿ ಎಸ್‌ಆರ್‌ಜಿಬಿ ಎಂಬ ಒಂದು ಅಳತೆಯನ್ನು ಮುಂದಿಟ್ಟವು. ಬಿಳಿ ಎಂದರೆ ಹಗಲಿನ ಬೆಳಕಿಗೆ ಸಮೀಪವಾದ 6500 ಕೆಲ್ವಿನ್. ಕಪ್ಪಿನಿಂದ ಬಿಳುಪಿಗೆ ಏರುವ ಮೆಟ್ಟಿಲುಗಳ ಹಂಚಿಕೆ, ಅಂದರೆ ಗಾಮಾ, ಸುಮಾರು 2.2. ಮುದ್ರಣಕ್ಕಾಗಿ ಚಿತ್ರ ತಿದ್ದುವವರು ಪರದೆಯ ಪ್ರಕಾಶವನ್ನು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ರೂಢಿ. ಅಂಗಡಿಯಿಂದ ತಂದ ಹೊಸ ಪರದೆ ಬಹುಪಾಲು ಇದರ ಎರಡು ಪಟ್ಟಿಗೂ ಮೀರಿ ಉರಿಯುತ್ತಿರುತ್ತದೆ, ಜೊತೆಗೆ ನೀಲಿಯ ಕಡೆಗೆ ವಾಲಿರುವುದೂ ಉಂಟು.

ಫಲವೇನು? ನೀಲಿಗೆ ವಾಲಿದ ಪರದೆಯ ಮುಂದೆ ಕುಳಿತವನಿಗೆ ಮುಖ ನೀಲಿಯಾಗಿ ಕಾಣುತ್ತದೆ. ಅವನು ಹಳದಿ, ಕೆಂಪುಗಳನ್ನು ಸುರಿಯುತ್ತಾನೆ. ಮುದ್ರಣದಲ್ಲಿ ಕಾಮಾಲೆಯ ಮುಖ ಬರುತ್ತದೆ. ಮಂಕಾದ ಪರದೆಯವನಿಗೆ ಎಲ್ಲವೂ ಕಪ್ಪಾಗಿ ಕಂಡು ಬೆಳಕು ಏರಿಸುತ್ತಾನೆ. ಮುದ್ರಣದಲ್ಲಿ ಮೂಗು ಕೆನ್ನೆಗಳ ಏರಿಳಿತವೇ ಅಳಿಸಿಹೋಗುತ್ತದೆ.

‘ಸಾರ್, ಇಪ್ಪತ್ತು ವರ್ಷದ ಅನುಭವ, ಕಣ್ಣಂದಾಜಿನಲ್ಲೇ ಗೊತ್ತಾಗುತ್ತದೆ’ ಎನ್ನುವವರಿದ್ದಾರೆ. ಗೊತ್ತಾಗುವುದಿಲ್ಲ. ನಮ್ಮ ಕಣ್ಣು ಎದುರಿಗಿರುವ ಬೆಳಕಿಗೆ ಕ್ಷಣಾರ್ಧದಲ್ಲಿ ಹೊಂದಿಕೊಂಡುಬಿಡುತ್ತದೆ. ಬಿಳಿಯ ಅಂಗಿ ಬಲ್ಬಿನ ಹಳದಿ ಬೆಳಕಿನಲ್ಲೂ ಬಿಳಿಯಾಗಿಯೇ ಕಾಣುವುದು ಅದಕ್ಕೇ. ಇದು ಕಣ್ಣಿನ ದೋಷವಲ್ಲ, ಗುಣ. ಆದರೆ ಈ ಗುಣವಿರುವ ಕಣ್ಣು ಅಳತೆಗೋಲಾಗಲಾರದು.

ಬಣ್ಣದ ಬೆಲೆ ತಿಳಿಯಬೇಕಾದರೆ ನಮ್ಮ ಹೊಗೆಸೊಪ್ಪಿನ ರೈತರನ್ನು ಕೇಳಿ. ಬ್ಯಾರನ್ನಿನಲ್ಲಿ ಹದ ಮಾಡಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಿ, ಬೇಲ್ ಕಟ್ಟಿ ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೋ ಕಂಪಲಾಪುರಕ್ಕೋ ಒಯ್ಯುತ್ತಾರೆ. ಬ್ರೈಟ್ ಎನಿಸಿಕೊಂಡ ಸೊಪ್ಪಿಗೊಂದು ದರ, ಲೋ ಗ್ರೇಡಿಗೆ ಇನ್ನೊಂದು. ರಾತ್ರಿ ಬಣ್ಣದ ದೀಪ ಹಚ್ಚಿಕೊಂಡು ಸೊಪ್ಪು ವಿಂಗಡಿಸು ಎಂದರೆ ಯಾವ ರೈತನಾದರೂ ಒಪ್ಪುವನೇ? ಎಲೆಯ ಬಣ್ಣಕ್ಕೆ ಇಷ್ಟು ಎಚ್ಚರ ವಹಿಸುವ ಊರಿನಲ್ಲಿ ಮನುಷ್ಯನ ಮುಖದ ಬಣ್ಣಕ್ಕೆ ಎಚ್ಚರವಿಲ್ಲ! ಸಂತೆಯ ತಕ್ಕಡಿಗೆ ನಿಗದಿತ ಕಾಲಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಲೇಬೇಕು. ಸಾವಿರಾರು ರೂಪಾಯಿ ಪಡೆದು ನಮ್ಮ ನೆನಪುಗಳನ್ನು ತೂಗಿಕೊಡುವ ಪರದೆಗೆ ಯಾವ ಪರೀಕ್ಷೆಯೂ ಇಲ್ಲ.

ಇನ್ನು ಮನಸ್ಸಿನ ಕಾರಣ. ‘ಗಿರಾಕಿಗಳೇ ಬೆಳ್ಳಗೆ ಮಾಡಿಕೊಡಿ ಎನ್ನುತ್ತಾರೆ’ ಎಂಬ ಸಮಜಾಯಿಷಿಯನ್ನು ಕೇಳಿದ್ದೇನೆ. ಕೆಲವರು ಹಾಗೆ ಕೇಳುವುದು ನಿಜ. ಕೇಳದವರಿಗೂ ಹಾಗೆಯೇ ಮಾಡಿಕೊಡುವುದೇಕೆ? ನಮ್ಮ ಬಂಧುಗಳೊಬ್ಬರು ತೀರಿಕೊಂಡಾಗ ತಿಥಿಯ ದಿನಕ್ಕೆಂದು ಅವರ ಭಾವಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಿದ್ದರು. ಕಪ್ಪು ಮೈಬಣ್ಣದ ಆ ಮನುಷ್ಯ ಅದರಲ್ಲಿ ಕೆನೆಬಣ್ಣಕ್ಕೆ ತಿರುಗಿದ್ದರು. ಹೆಂಡತಿ ಬಹಳ ಹೊತ್ತು ನೋಡಿ, ‘ಇವ್ರು ನಮ್ಮವ್ರಲ್ಲ ಕಣಪ್ಪ’ ಎಂದರು. ಅಲ್ಲಿದ್ದ ಯಾರಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ.

ಪತ್ರಿಕೆಗಳ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳನ್ನು ಓದಿ: ಎಣ್ಣೆಗೆಂಪು, ಗೋಧಿ ಬಣ್ಣ, ಸಾಧಾರಣ ಕಪ್ಪು. ಒಬ್ಬರನ್ನು ಗುರುತಿಸಲು ಮೈಬಣ್ಣ ಬೇಕೆಂಬುದು ಪೊಲೀಸರಿಗೆ ಗೊತ್ತು. ನಮ್ಮ ನುಡಿಗೆ ಇಷ್ಟೊಂದು ಛಾಯೆಗಳ ಅರಿವಿರುವಾಗ ಎಲ್ಲರನ್ನೂ ಒಂದೇ ಬಿಳುಪಿನಲ್ಲಿ ಅದ್ದುವುದು ಯಾವ ಕಲೆ?

ಈ ರೋಗ ನಮ್ಮದೊಂದೇ ಅಲ್ಲ. ಅಮೆರಿಕದ ಕೊಡಾಕ್ ಕಂಪನಿ ಮುದ್ರಣದ ಬಣ್ಣ ಸರಿಹೊಂದಿಸಲು ಲ್ಯಾಬುಗಳಿಗೆ ದಶಕಗಳ ಕಾಲ ಬಿಳಿಯ ಹೆಣ್ಣುಮಗಳ ಚಿತ್ರವಿದ್ದ ಕಾರ್ಡನ್ನು ಕಳಿಸುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರು. ಆ ಅಳತೆಯಲ್ಲಿ ಕಪ್ಪು ಮುಖಗಳ ವಿವರ ಮುಳುಗಿಹೋಗುತ್ತಿತ್ತು. ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು ತಮ್ಮ ಸರಕಿನ ಕಂದು ಛಾಯೆಗಳು ಸರಿಯಾಗಿ ಮೂಡುತ್ತಿಲ್ಲವೆಂದು ದೂರಿದ ಮೇಲೆ ಕಂಪನಿ ಫಿಲ್ಮನ್ನು ಸುಧಾರಿಸಲು ಹೊರಟಿತಂತೆ! ಅಳತೆಗೋಲೇ ಒಂದು ಕಡೆಗೆ ವಾಲಿದ್ದರೆ ಎಷ್ಟು ಜನರಿಗೆ ಮೋಸವಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೇ?

‘ಹೇಗೂ ಎಲ್ಲರೂ ಮೊಬೈಲಿನಲ್ಲಿ ನೋಡುತ್ತಾರೆ, ಒಂದೊಂದರಲ್ಲಿ ಒಂದೊಂದು ಬಣ್ಣ’ ಎಂಬ ವಾದವೂ ಇದೆ. ಕೊಳ್ಳುವವರ ಪಾತ್ರೆಗಳು ಬೇರೆ ಬೇರೆಯಾಗಿವೆಯೆಂದು ಹಾಲು ಅಳೆಯುವವನು ತನ್ನ ಲೀಟರನ್ನು ಸೊಟ್ಟಗಾಗಲು ಬಿಡಬಹುದೇ? ಮೂಲ ಸರಿಯಿದ್ದರೆ ನೋಡುವ ಸಾಧನದ ದೋಷ ಒಂದೇ. ಮೂಲವೇ ಕೆಟ್ಟಿದ್ದರೆ ದೋಷದ ಮೇಲೆ ದೋಷ.

ಸ್ಟುಡಿಯೋ ಇಟ್ಟಿರುವ ನನ್ನ ಶಿಷ್ಯರಿಗೆ ಹೇಳುತ್ತೇನೆ. ಕಲರಿಮೀಟರ್ ಎಂಬ ಅಂಗೈಯಗಲದ ಸಾಧನವಿದೆ. ಅದನ್ನು ಪರದೆಗೆ ಆನಿಸಿದರೆ, ತಂತ್ರಾಂಶ ತೋರಿಸುವ ಬಣ್ಣದ ಚೌಕಗಳನ್ನು ಅಳೆದು, ವ್ಯತ್ಯಾಸವನ್ನು ಲೆಕ್ಕ ಹಾಕಿ, ಆ ಪರದೆಗೆ ತಕ್ಕ ಪ್ರೊಫೈಲನ್ನು ಸಿದ್ಧಪಡಿಸುತ್ತದೆ. ನೀವು ಕೊಳ್ಳುವ ದೊಡ್ಡ ಲೆನ್ಸುಗಳ ಬೆಲೆಗಿಂತ ಅದರ ಬೆಲೆ ಬಹಳ ಕಡಿಮೆ. ತಿಂಗಳಿಗೊಮ್ಮೆ ಬೇಕಾಗುವ ವಸ್ತುವಾದ್ದರಿಂದ ನಾಲ್ಕು ಸ್ಟುಡಿಯೋದವರು ಸೇರಿ ಒಂದನ್ನು ಕೊಂಡರೂ ಸಾಕು. ಅದೂ ಆಗದಿದ್ದರೆ ವಿಂಡೋಸಿನಲ್ಲಿಯೇ ಇರುವ ಕ್ಯಾಲಿಬ್ರೇಷನ್ ಹಂತಗಳನ್ನಾದರೂ ಅನುಸರಿಸಿ. ಪರದೆ ಹಚ್ಚಿ ಅರ್ಧ ಗಂಟೆ ಕಳೆಯಲಿ. ನೈಟ್ ಲೈಟ್ ಆರಿಸಿ. ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳದಿರಲಿ. ಗುಲಾಬಿ, ಹಸಿರು ಗೋಡೆಗಳ ನಡುವೆ ಕುಳಿತು ಬಣ್ಣ ತಿದ್ದಬೇಡಿ. ಒಂದು ಮುದ್ರಣ ತೆಗೆಸಿ ಹಗಲ ಬೆಳಕಿನಲ್ಲಿ ಪರದೆಯೊಡನೆ ಹೋಲಿಸಿ.

ಇದರಿಂದ ಮನಸ್ಸಿನ ಬಿಳುಪಿನ ವ್ಯಾಮೋಹ ಹೋಗಿಬಿಡುತ್ತದೆಂದು ನಾನು ನಂಬಿಲ್ಲ. ಆದರೆ ಪರದೆ ಸರಿಯಾದ ಮೇಲೆ ‘ಮಾನಿಟರ್ ಹಾಗೆ ತೋರಿಸಿತು ಸಾರ್’ ಎಂದು ತಪ್ಪಿಸಿಕೊಳ್ಳಲಾಗದು. ಬಿಳಿಚಿಸಿದವನು ತಾನೇ ಬಿಳಿಚಿಸಿದೆನೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಉಳಿದವರಲ್ಲಿ ನನ್ನದೊಂದೇ ಕೋರಿಕೆ. ಮುಂದಿನ ಮದುವೆಗೆ ಮುಂಗಡ ಕೊಡುವ ಮುನ್ನ ಎರಡು ಮಾತು ಕೇಳಿ: ‘ನಿಮ್ಮ ಪರದೆಯನ್ನು ಕಡೆಯ ಬಾರಿ ಅಳತೆಗೆ ಹೊಂದಿಸಿದ್ದು ಯಾವಾಗ? ನಮ್ಮ ಬಣ್ಣವನ್ನು ನಮ್ಮದಾಗಿಯೇ ಉಳಿಸಿಕೊಡುತ್ತೀರಾ?’ ಉತ್ತರ ಬಾರದಿದ್ದರೆ ಮುಂಗಡವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಮುಂದಿನ ಅಂಗಡಿಗೆ ನಡೆಯಿರಿ.

ನಿಮ್ಮ ಮೇಷ್ಟ್ರು