ನುಂಗುವುದು ಮುದ್ದೆ, ಅಗಿಯುವುದು ಮೂಳೆ
ಭಾನುವಾರ ಸ್ಕಂದಗಿರಿ ಇಳಿದು ಕಳವಾರದ ಬಳಿ ಟೀ ಕುಡಿಯುತ್ತಿದ್ದೆ. ಬೆಟ್ಟ ಹತ್ತಿ ಬಂದಿದ್ದ ಹುಡುಗರು, ದಾರಿಯುದ್ದಕ್ಕೂ ಜೊತೆಗಿದ್ದ ಕಂದು ನಾಯಿಗೆ ಬಿರಿಯಾನಿಯ ಕೋಳಿಮೂಳೆ ಎಸೆದರು; ಅದು ಎರಡೇ ಕಡಿತಕ್ಕೆ ಗುಳುಂ ಮಾಡಿತು. ಮುದ್ದೆಯನ್ನು ಅಗಿಯಬೇಡ, ನುಂಗು ಎಂದು ಮಕ್ಕಳಿಗೆ ಕಲಿಸುವ ಸೀಮೆ ನಮ್ಮದು. ನಾಯಿಯ ವಿಷಯದಲ್ಲಿ ಈ ಪಾಠ ತಿರುಗುಮುರುಗು. ಬೆಂದ ಮೂಳೆ ಸೂಜಿಯಂಥ ಚೂರುಗಳಾಗಿ ಒಡೆದು ಗಂಟಲನ್ನೋ ಕರುಳನ್ನೋ ಚುಚ್ಚಬಹುದು. ನಾಯಿ ಅಗಿಯಲೆಂದು ಅಂಗಡಿಯಲ್ಲಿ ಮಾರುವ ಒಣಗೊರಸೂ ಕಲ್ಲಿನಷ್ಟು ಗಟ್ಟಿ, ಹಲ್ಲಿಗೇ ಸಂಚಕಾರ. ಅಗಿಯಲು ಕೊಡುವುದು ಬಾಯಿಗಿಂತ ದೊಡ್ಡದಿರಲಿ, ಉಗುರೊತ್ತಿದರೆ ಗುರುತು ಬೀಳಲಿ, ಸವೆದು ಗಿಡ್ಡವಾದೊಡನೆ ತೆಗೆದಿಡಿ. ಬೆಟ್ಟದ ಜೊತೆಗಾರನಿಗೆ ಪ್ರೀತಿ ತೋರಲು ಮೂಳೆಯೇ ಬೇಕಿಲ್ಲ. ಸಾರು ಸೋಕದ ಒಂದು ತುತ್ತು ಮುದ್ದೆ ಸಾಕು. ಅದನ್ನು ನಮ್ಮಂತೆಯೇ ನುಂಗಲಿ ಬಿಡಿ.