ಡಿವಿಡಿಯೂ ಬೇಕು, ಮೂಲವೂ ಉಳಿಯಬೇಕು

ಸುವರ್ಣ ಮಹೋತ್ಸವದ ಕಾರ್ಯಕ್ರಮಗಳನ್ನು ಹೈ ಡೆಫಿನಿಷನ್ ಕ್ಯಾಮರಾದಲ್ಲಿ ಚಿತ್ರೀಕರಿಸಿ, ಡಿವಿಡಿಗಳಾಗಿ ಹಳೆವಿದ್ಯಾರ್ಥಿಗಳಿಗೆ ಹಂಚಬೇಕೆಂಬ ಸಲಹೆ ಸ್ವಾಗತಾರ್ಹವಾದುದು. ಕಾಸರಗೋಡಿನ ಕೆಲವು ಹಿರಿಯರ ಮನೆಗಳಲ್ಲಿ ಇಂದಿಗೂ ಡಿವಿಡಿ ಪ್ಲೇಯರ್ ಇದೆ. ಅದನ್ನು ಬಳಸುವುದು ಅವರಿಗೆ ರೂಢಿ. ಆದರೆ ಈ ಪರಿವರ್ತನೆಯಲ್ಲಿ ಗುಣಮಟ್ಟ ಕಿಂಚಿತ್ತೂ ಕುಂದದೆಂಬ ಮಾತನ್ನು ನಾನು ಒಪ್ಪಲಾರೆ.

ಮೂಲ ಚಿತ್ರದಲ್ಲಿ 1920 × 1080 ಬಿಂದುಗಳಿದ್ದರೆ, ನಮ್ಮ ದೇಶದ ಪಾಲ್ ಪದ್ಧತಿಯ ಡಿವಿಡಿಯಲ್ಲಿರುವುದು 720 × 576 ಮಾತ್ರ. ಅಂದರೆ ಐದರಲ್ಲಿ ಒಂದು ಪಾಲು. ಈ ನಷ್ಟ ಅನಿವಾರ್ಯ. ಆದರೆ ಮಿತವ್ಯಯದ ಹೆಸರಿನಲ್ಲಿ ನಾವೇ ತಂದುಕೊಳ್ಳುವ ನಷ್ಟ ಅನಿವಾರ್ಯವಲ್ಲ. 4.7 ಜಿಬಿಯ ಒಂದೇ ಡಿಸ್ಕಿನಲ್ಲಿ ನಾಲ್ಕು ಗಂಟೆಯ ಯಕ್ಷಗಾನವನ್ನು ತುರುಕಿದರೆ ಸೆಕೆಂಡಿಗೆ ಮೂರು ಮೆಗಾಬಿಟ್ಟೂ ದೊರೆಯದು. ದಿಗಿಣದ ವೇಗಕ್ಕೆ ಚಿತ್ರ ಚೌಕಚೌಕವಾಗಿ ಒಡೆದೀತು. ಗಂಟೆಗೊಂದು ಡಿಸ್ಕ್ ಮೀಸಲಿಟ್ಟರೆ ಎಂಟು ಮೆಗಾಬಿಟ್ ದೊರೆತು, ವೇಷದ ಬಣ್ಣಗಾರಿಕೆ ಬಹುಮಟ್ಟಿಗೆ ಉಳಿಯುತ್ತದೆ. ಖರ್ಚು ತುಸು ಹೆಚ್ಚಿದರೂ ಇದೇ ಉಚಿತವೆಂದು ನನ್ನ ಅಭಿಮತ.

ಇದಕ್ಕಿಂತಲೂ ಮುಖ್ಯವಾದುದು ಮೂಲ ಕಡತದ ರಕ್ಷಣೆ. ಹಂಚಿಕೆ ಮುಗಿಯಿತೆಂದು ಅದನ್ನು ಅಳಿಸಕೂಡದು. ಡಿವಿಡಿಯಲ್ಲಿ ಕಳೆದುಹೋದ ಸೂಕ್ಷ್ಮಗಳನ್ನು ಯಾವ ಯಂತ್ರವೂ ಮರಳಿ ತಾರದು. ಎರಡು ಹಾರ್ಡ್ ಡಿಸ್ಕುಗಳಲ್ಲಿ ಪ್ರತಿ ಮಾಡಿ, ಒಂದನ್ನು ಶಾಲೆಯಲ್ಲೂ ಇನ್ನೊಂದನ್ನು ಬೇರೆಡೆಯಲ್ಲೂ ಇರಿಸಿ, ಕೆಲವು ವರ್ಷಗಳಿಗೊಮ್ಮೆ ಹೊಸತಕ್ಕೆ ವರ್ಗಾಯಿಸಬೇಕು. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ನಮ್ಮ ಗುರುಗಳು ಕನ್ನಡವನ್ನು ಹೇಗೆ ಆಡಿದರು, ಮಕ್ಕಳು ಹೇಗೆ ಹಾಡಿದರು ಎಂಬುದನ್ನು ಶತಮಾನೋತ್ಸವದ ಪೀಳಿಗೆ ಅದರಿಂದಲೇ ಅರಿಯಬೇಕಾದೀತು. ಸಮಿತಿಯವರೂ ಸಹೃದಯ ಬಂಧುಗಳೂ ಈ ಹೊಣೆಯನ್ನು ಮನಗಾಣಬೇಕಾಗಿ ವಿನಂತಿ.